ಭೂತಗನ್ನಡಿಯ ವನಜಾ ಟೀಚರ್

ವನಜಾ ಟೀಚರ ಕೊರಳಲ್ಲಿ ಕರಿಮಣಿಯ ಜೊತೆಗೆ ಒಂದು ಭೂತಗನ್ನಡಿಯೂ ನೇತಾಡುತ್ತಿತ್ತು. ಅಕ್ಕಿಯೊಳಗಿನ ಹುಳ, ಬಂಗುಡೆ ಮೀನಿನ ಕಣ್ಣು, ಬಸ್ ಟಿಕೆಟು, ನಮ್ಮ ಕೋಳಿಕಾಲಿನ ಅಕ್ಷರ, ಎಲ್ಲವೂ ಅದರಡಿ ಹಾದುಹೋಗಲೇಬೇಕು. ಬಾರ್ಕೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬೈಂದೂರು ಕಡೆಯ ನಮ್ಮ ಕಡಲಬದಿಯ ಶಾಲೆಗೆ ಬರುತ್ತಿದ್ದರು. ದಾರಿಯಲ್ಲಿ ಕಂಡದ್ದೇ ಅಂದಿನ ಮೊದಲ ಪಾಠ.

"ಪಾಠ ಪುಸ್ತಕದೊಳ್ಗೇ ಇತ್ತಂದೇಳಿ ಯಾರ್ ಹೇಳ್ದ್ರ್ ನಿಮ್ಗೆ? ಕಣ್ಣ್ ಬಿಟ್ಟ್ ಕಾಣಿ" ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಪೊಲೀಸರು ನಮ್ಮ ಶಾಲೆಯ ಮೈದಾನದಲ್ಲಿ ಪ್ರಾತ್ಯಕ್ಷಿಕೆ ಕೊಟ್ಟರು. ಪಾಠ ಇಲ್ಲವೆಂಬ ಖುಷಿಯಲ್ಲಿ ನಾವೆಲ್ಲ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಟೀಚರ್ ಗೇಟಿನಲ್ಲೇ ಕಾದಿದ್ದರು. "ಚೀಲ ಇಲ್ದಿರೆ ತೊಂದ್ರಿ ಇಲ್ಲೆ. ತಲಿ ತಂದಿದ್ರಿ ಅಲ್ದಾ?"

ಪೊಲೀಸ್ ನಾಯಿ ಧ್ವಜಕಂಬದಿಂದ ಬೇಲಿಯವರೆಗೆ ಓಡಿದ್ದನ್ನು ಟೇಪು, ಗಡಿಯಾರ ಹಿಡಿದು ಅಳೆಸಿ ವೇಗದ ಲೆಕ್ಕ ಮಾಡಿಸಿದರು. ವಾಕಿಟಾಕಿಯಲ್ಲಿ ಕಡಿಮೆ ಮಾತಾಡಬೇಕೆಂದು ಪೇದೆಯೊಬ್ಬರು ಹೇಳಿದ್ದೇ ತಡ, ಅದು ಕನ್ನಡ ಪಾಠವಾಯಿತು. ಹೆಡ್ಮಾಸ್ಟರ ಸ್ವಾಗತ ಭಾಷಣವನ್ನು ಐದು ಪದಕ್ಕೆ ಇಳಿಸಿದ ನಮ್ಮ ಗುಂಪಿಗೆ ಪೂರ್ತಿ ಅಂಕ ಸಿಕ್ಕಿತು. ಹೆಡ್ಮಾಸ್ಟರು ಆ ದಿನವಿಡೀ ನಮ್ಮೊಡನೆ ಮಾತಾಡಲಿಲ್ಲ.

ಕೊನೆಯದು ಬೆರಳಚ್ಚಿನ ಮೇಜು. ಪ್ರತಿಯೊಬ್ಬರ ಎರಡೂ ಹೆಬ್ಬೆರಳಿನ ಅಚ್ಚನ್ನು ಒಂದೊಂದು ಚೀಟಿಯ ಮೇಲೆ ಒತ್ತಿಸಿ ಕೊಟ್ಟರು. ಒಬ್ಬರ ಗೆರೆ ಇನ್ನೊಬ್ಬರಿಗೆ ಇರುವುದಿಲ್ಲ, ಆಳವಾದ ಗಾಯದ ಗುರುತು ಅಚ್ಚಿನಲ್ಲೂ ಉಳಿಯುತ್ತದೆ ಎಂದರು. ಅದು ವಿಜ್ಞಾನವಾಯಿತು. ಮನೆಯವರ ಹೆಬ್ಬೆರಳಿನ ಅಚ್ಚು ತರುವುದು ಮನೆಗೆಲಸವಾಯಿತು.

ನನ್ನ ಅಮ್ಮ ಗಿರಿಜಾ ಮೀನು ಮಾರುತ್ತಿದ್ದಳು. ಮೂರು ಸಲ ಒತ್ತಿದರೂ ಕಾಗದದ ಮೇಲೆ ಬಿದ್ದದ್ದು ಬರೀ ಮಸಿಯ ಕಲೆ, ಒಂದು ಗೆರೆಯೂ ಇಲ್ಲ. ಅಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ರೇಶನ್ ಅಂಗಡಿಯ ಹೊಸ ಯಂತ್ರವೂ ಎರಡು ತಿಂಗಳಿಂದ ಅವಳ ಬೆರಳನ್ನು ಒಪ್ಪಿರಲಿಲ್ಲ. ನಮ್ಮ ಕಾರ್ಡಿನಲ್ಲಿ ದೊಡ್ಡವರೆಂದು ಇದ್ದದ್ದು ಅವಳೊಬ್ಬಳೇ. ಯಾರದ್ದೋ ಕಾರ್ಡು ಹಿಡಿದು ಬಂದಿದ್ದಾಳೆಂದು ಸಾಲಿನಲ್ಲಿದ್ದವರೊಬ್ಬರು ನಕ್ಕ ಮೇಲೆ ಅಮ್ಮ ಆ ಕಡೆ ತಲೆ ಹಾಕಿರಲಿಲ್ಲ.

"ನಂಗೆ ಬೆರಳೇ ಇಲ್ಲೆ ಅಂದೇಳಿ ಬರಿ" ಎಂದು ಒಳಗೆ ಹೋದಳು.

ನನಗೆ ನಾಚಿಕೆಯಾಯಿತು. ಬೇರೆ ಕಾಗದದಲ್ಲಿ ಅಮ್ಮನ ಹೆಸರು ಬರೆದು ಅದರ ಮುಂದೆ ನನ್ನ ಎಡ ಹೆಬ್ಬೆರಳನ್ನೇ ಒತ್ತಿಬಿಟ್ಟೆ. ಆ ಬೆರಳಿನ ಮೇಲೆ ಮೀನುಕತ್ತಿ ತಾಗಿದ ಗಾಯದ ಗುರುತು ಅಡ್ಡಕ್ಕಿತ್ತು. ಹಿಂದಿನ ದಿನ ಕಲಿತ ಪಾಠವೇ ನನ್ನನ್ನು ಹಿಡಿದುಕೊಡುತ್ತದೆಂದು ಹೊಳೆಯಲಿಲ್ಲ.

ಟೀಚರ್ ಅದನ್ನು ನನ್ನ ಚೀಟಿಯ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ತುಂಬಾ ಹೊತ್ತು ನೋಡಿದರು. ಸಂಜೆ ಎಲ್ಲರೂ ಹೋದ ಮೇಲೆ ಹತ್ತಿರ ಕರೆದರು. "ನಿಂಗೂ ನಿನ್ನಮ್ಮಂಗೂ ಒಂದೇ ಕತ್ತಿ ಒಂದೇ ಬದಿಗೆ ತಾಗಿತ್ತಾ?"

ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ.

ಭಾನುವಾರ ಬೆಳಿಗ್ಗೆ ಅವರು ನೇರ ಮೀನು ಮಾರ್ಕೆಟ್ಟಿಗೇ ಬಂದರು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಮ್ಮನ ಕೈ ಹಿಡಿದುಕೊಂಡರು.

"ಬ್ಯಾಡ ಟೀಚ್ರೆ, ವಾಸ್ನಿ" ಎಂದು ಅಮ್ಮ ಕೈ ಎಳೆದುಕೊಂಡಳು.

"ವಾಸ್ನಿ ಇರ್ಲಿ ಗಿರಿಜಕ್ಕ. ಗೆರಿ ಇಲ್ದೆ ಇಪ್ಪುದಲ್ಲ, ಸವ್ದ್ ಹೋದ್ದ್. ಐಸು, ಉಪ್ಪು, ಕತ್ತಿ ಎಲ್ಲ ಸೇರಿ ತಿಂದದ್ದ್. ಇದ್ರಗೆ ನಾಚ್ಕಿ ಎಂತಕೆ?"

ಮರುದಿನವೇ ಅಮ್ಮನನ್ನು ತಾಲೂಕು ಕಚೇರಿಗೆ ಕರೆದೊಯ್ದು, ಬೆರಳಚ್ಚು ಬಾರದಿದ್ದರೂ ಅಕ್ಕಿ ಸಿಗುವಂತೆ ಬರೆಸಿಕೊಂಡು ಬಂದರು. ಅಮ್ಮನ ಆ ಮಸಿಯ ಕಲೆಯನ್ನು ನನ್ನಿಂದ ತರಿಸಿ, ಅವಳನ್ನು ಕೇಳಿಯೇ, ಎಲ್ಲರ ಮನೆಯ ಅಚ್ಚುಗಳಿದ್ದ ತರಗತಿಯ ಚಾರ್ಟಿನ ನಟ್ಟನಡುವೆ ಅಂಟಿಸಿದರು. ದಿನಕ್ಕೆಷ್ಟು ಮೀನು, ವರ್ಷಕ್ಕೆಷ್ಟು ದಿನ, ಎಷ್ಟು ವರ್ಷ ಎಂದು ಇಡೀ ತರಗತಿ ಗುಣಿಸಿತು. ಉತ್ತರ ನಂಬಲಾಗದೆ ನಾವೆಲ್ಲ ಮತ್ತೊಮ್ಮೆ ಗುಣಿಸಿದೆವು. ವಾಸನೆಯ ಸಂಕೋಚಕ್ಕೆ ಶಾಲೆಯ ಗೇಟನ್ನೇ ದಾಟದಿದ್ದ ಅಮ್ಮ ಚಾರ್ಟು ನೋಡಲು ಬಂದಳು. ಎಲ್ಲರೆದುರು ಸೆರಗಿನಿಂದ ಕೈ ಹೊರತೆಗೆದು ತನ್ನ ಬೆರಳಿನ ಕಲೆಯನ್ನು ಮುಟ್ಟಿದಳು. ವರ್ಷದ ಕೊನೆಗೆ ಟೀಚರ್ ಆ ಚಾರ್ಟನ್ನು ಅವಳಿಗೇ ಕೊಟ್ಟರು.

ಈಗ ನಾನು ಕುಂದಾಪುರದ ಒಂದು ಸೇವಾ ಕೇಂದ್ರದಲ್ಲಿ ಕೆಲಸದಲ್ಲಿದ್ದೇನೆ. ತಾವಿನ್ನೂ ಬದುಕಿದ್ದೇವೆಂದು ತೋರಿಸಲು ಪಿಂಚಣಿದಾರರು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದು ಬೆರಳು ಒತ್ತುತ್ತಾರೆ. ನಿವೃತ್ತರಾದ ಮೇಲೆ ಟೀಚರ್ ಅಷ್ಟು ದೂರದಿಂದ ನನ್ನ ಹತ್ತಿರವೇ ಬರುತ್ತಿದ್ದರು. ಹೋದ ವರ್ಷ ಯಂತ್ರ ಅವರ ಹೆಬ್ಬೆರಳನ್ನು ಒಪ್ಪಲಿಲ್ಲ. ಒರೆಸಿ ಒರೆಸಿ ಮತ್ತೆ ಇಟ್ಟರೂ ಇಲ್ಲ. ಅವರು ನಕ್ಕರು.

"ಚಾಕ್‌ಪೀಸ್ ತಿಂದದ್ದ್ ಮಾರಾಯ್ತಿ. ಕಣ್ಣ್ ಇತ್ತಲೆ, ಅದನ್ನ್ ತಕೋ."

ಕಣ್ಣಿನ ಗುರುತು ಸಿಕ್ಕಿತು. ಏಳುವ ಮೊದಲು ಮಸಿಯ ಡಬ್ಬಿ ಎಳೆದು, ಒಂದು ಬಿಳಿ ಕಾಗದದ ಮೇಲೆ ಹೆಬ್ಬೆರಳು ಒತ್ತಿ ನನ್ನ ಮುಂದಿಟ್ಟರು. "ಇದನ್ನ್ ನಿನ್ನಮ್ಮನ್ ಬೆರಳಿನ್ ಬದಿಗೆ ಅಂಟ್ಸ್. ಜೊತಿ ಆತ್ತ್."

ಈ ವರ್ಷ ಅವರು ಬರಲಿಲ್ಲ. ಮಳೆಗಾಲದಲ್ಲೇ ತೀರಿಕೊಂಡರಂತೆ, ನನಗೆ ತಿಳಿದದ್ದು ತಡವಾಗಿ. ಹಳೆಯ ಚಾರ್ಟು ನಮ್ಮ ಮನೆಯ ಗೋಡೆಯಲ್ಲಿದೆ. ನಡುವೆ ಅಕ್ಕಪಕ್ಕ ಎರಡು ಕಪ್ಪು ಕಲೆಗಳು, ಯಾವುದರಲ್ಲೂ ಗೆರೆ ಇಲ್ಲ. ನನಗೆ ಮಾತ್ರ ಎರಡರ ಗುರುತೂ ಸಿಗುತ್ತದೆ.