ತಾವು ಕಟ್ಟಿದ ವಿಭಾಗವನ್ನು ತಾವೇ ಮುಚ್ಚಿದವರು

ಕರ್ನಾಟಕದಲ್ಲಿ ಚಿಪ್ ವಿನ್ಯಾಸವೆಂಬ ವಿದ್ಯೆ ಬೇರೂರಿದ ಬಗೆಯನ್ನು ಮುಂದೆಂದಾದರೂ ಯಾರಾದರೂ ಬರೆಯಹೊರಟರೆ, ಹೊರವಲಯದ ಗಾಜಿನ ಕಟ್ಟಡಗಳ ಜೊತೆಗೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಶೀಟಿನ ಚಾವಣಿಯ ಕಚೇರಿಗೂ ಒಂದು ಪುಟ ಕೊಡಬೇಕಾಗುತ್ತದೆ. ಆ ಪುಟದ ಬಹುಭಾಗ ಶ್ರೀಮತಿ ಭುವನೇಶ್ವರಿಯವರಿಗೆ ಸಲ್ಲಬೇಕಾಗುತ್ತದೆ. ‘ಸೂಕ್ಷ್ಮಕಣ ಸೆಮಿಕಂಡಕ್ಟರ್ಸ್’ ಸಂಸ್ಥೆಯಲ್ಲಿ ಮೂರು ದಶಕ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯಬೇಕೆಂದು ಈ ಅಭಿನಂದನ ಸಂಚಿಕೆಯ ಸಂಪಾದಕರು ಕೇಳಿದಾಗ ನನಗೆ ಸಂತೋಷದ ಜೊತೆಗೆ ಅಳುಕೂ ಆಯಿತು. ಆ ಮೂರು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ವರ್ಷ ನಾನು ಅವರ ಎದುರು ಪಕ್ಷದವನು.

ಭುವನೇಶ್ವರಿಯವರು ಗದಗಿನವರು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲೇ ಕೆಲವು ವರ್ಷ ಪಾಠ ಹೇಳಿ, ಬೆಂಗಳೂರಿಗೆ ಬಂದು ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹಿಡಿದವರು. ಅವರು ಸೇರಿದಾಗ ನಮ್ಮ ಸಂಸ್ಥೆಯ ಉತ್ಪನ್ನ ಒಂದೇ: ಮನೆಮನೆಯ ವಿದ್ಯುತ್ ಮೀಟರಿನೊಳಗೆ ಕೂರುವ ಪುಟ್ಟ ಚಿಪ್ಪು. ನಾನು ಆ ಮೀಟರ್ ವಿಭಾಗದವನು. ಇಂಥ ಚಿಪ್ಪಿನ ನಕ್ಷೆಯನ್ನು ನಾವಿಲ್ಲಿ ಬರೆಯುತ್ತೇವೆ, ತಯಾರಿಕೆ ಹೊರದೇಶದ ಕಾರ್ಖಾನೆಯಲ್ಲಿ ನಡೆಯುತ್ತದೆ. ಹೊಳಪಿಲ್ಲದ ವ್ಯಾಪಾರ, ಆದರೆ ವರ್ಷವೂ ಲಾಭ ತರುತ್ತಿತ್ತು.

ಅಗ್ಗದ ಸ್ಮಾರ್ಟ್‌ಫೋನುಗಳ ಕಾಲ ಬಂದಾಗ, ನಾವೂ ಮೊಬೈಲ್ ಪ್ರೊಸೆಸರ್ ಮಾಡಬಹುದು ಎಂದು ಆಡಳಿತ ಮಂಡಳಿಯನ್ನು ಒಪ್ಪಿಸಿದವರು ಭುವನೇಶ್ವರಿಯವರು. ಮೂಲೆಯ ಗೋದಾಮನ್ನು ತೆರವು ಮಾಡಿಸಿ, ಹೊಸದಾಗಿ ಓದಿ ಬಂದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಫೋನಿನ ಮಿದುಳನ್ನೇ ಬರೆಯಲು ಹೊರಟರು. ಮೊದಲ ಚಿಪ್ಪು ಕಾದ ಹೆಂಚಿನಂತೆ ಬಿಸಿಯಾಯಿತು. ಎರಡನೆಯದನ್ನು ಒಂದು ಸಣ್ಣ ಕಂಪನಿ ಕೊಂಡಿತು, ಆ ಕಂಪನಿಯೇ ಮುಳುಗಿತು. ಆಮೇಲಿನ ಎರಡೂ ಚೆನ್ನಾಗಿದ್ದವು, ಮಾರಾಟವಾಗಲಿಲ್ಲ. ಪ್ರತಿ ವರ್ಷ ಮೀಟರಿನ ಲಾಭ ಮೊಬೈಲಿನ ನಷ್ಟಕ್ಕೆ ಹೋಗುತ್ತಿತ್ತು. ಪ್ರತಿ ವರ್ಷದ ಸಭೆಯಲ್ಲಿ ನಾನು ಎದ್ದು ನಿಂತು ಅದನ್ನು ವಿರೋಧಿಸುತ್ತಿದ್ದೆ. ಅವರು ನನ್ನ ಮಾತು ಮುಗಿಯುವವರೆಗೆ ಕಾದು, ಒಂದೊಂದಕ್ಕೂ ಉತ್ತರ ಕೊಟ್ಟು, ಗೆದ್ದು ಹೋಗುತ್ತಿದ್ದರು.

ಅಂಥ ದಿನಗಳಲ್ಲೇ ಒಮ್ಮೆ ನನ್ನ ಶ್ರೀಮತಿ ಶಿವಗಂಗಮ್ಮನಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಮರುದಿನ ವಿದ್ಯುತ್ ಕಂಪನಿಯ ಅಧಿಕಾರಿಗಳ ಮುಂದೆ ನಮ್ಮ ಹೊಸ ಮೀಟರ್ ಚಿಪ್ಪನ್ನು ನಾನು ಸಮರ್ಥಿಸಿಕೊಳ್ಳಬೇಕಿತ್ತು. ಆಸ್ಪತ್ರೆಯ ಕಾರಿಡಾರಿಗೆ ಬಂದ ಭುವನೇಶ್ವರಿಯವರು, “ಕಾಗದಗಳನ್ನೆಲ್ಲ ನನಗೆ ಕೊಡಿ, ನೀವು ಇಲ್ಲೇ ಇರಿ” ಎಂದರು. ನಾನು ಅನುಮಾನಿಸಿದೆ. “ನಿಮ್ಮ ಚಿಪ್ಪನ್ನ ಬೈಯೋದು ಆಫೀಸೊಳಗೆ ಮಾತ್ರ. ಹೊರಗಿನವರ ಮುಂದೆ ಬೈಯ್ತೀನಾ?” ಎಂದು ನಕ್ಕರು. ವಿದ್ಯುತ್ ಕಂಪನಿಯ ಒಪ್ಪಂದ ನಮಗೇ ಸಿಕ್ಕಿತು. ಮುಂದಿನ ಸಭೆಯಲ್ಲಿ ನಾನು ಎಂದಿನಂತೆ ಅವರನ್ನು ವಿರೋಧಿಸಿದೆ. ಅವರು ಅದನ್ನೂ ಎಂದಿನಂತೆಯೇ ತೆಗೆದುಕೊಂಡರು.

ಐದನೆಯ ಚಿಪ್ಪಿನ ನಕ್ಷೆ ಸಿದ್ಧವಾದದ್ದು ಮೂರು ವರ್ಷಗಳ ಹಿಂದೆ. ತಂಡದ ಚೇತನಾ ಮತ್ತು ಸಮರ್ಥ ಎಂಬ ಎಂಜಿನಿಯರುಗಳು ಅದರ ವಿದ್ಯುತ್ ಬಳಕೆಯನ್ನು ಎಷ್ಟು ಇಳಿಸಿದ್ದರೆಂದರೆ, ಕಂಪ್ಯೂಟರಿನಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಕಂಡು ನಾವೆಲ್ಲ ಬೆರಗಾದೆವು. ಇನ್ನುಳಿದಿದ್ದು ನಕ್ಷೆಯನ್ನು ಕಾರ್ಖಾನೆಗೆ ಕಳಿಸುವುದೊಂದೇ. ಆದರೆ ಹಾಗೆ ಒಮ್ಮೆ ಕಳಿಸುವ ಖರ್ಚೆಂದರೆ ಇಡೀ ಸಂಸ್ಥೆಯ ವರ್ಷದ ಗಳಿಕೆಯನ್ನು ಪಣಕ್ಕಿಟ್ಟಂತೆ. ಮಂಡಳಿ ನಮ್ಮಿಬ್ಬರನ್ನೂ ಕರೆಸಿತು. ಭುವನೇಶ್ವರಿಯವರು ಬೇಕೆನ್ನುತ್ತಾರೆ, ಚನ್ನಮಲ್ಲಪ್ಪ ಬೇಡವೆನ್ನುತ್ತಾನೆ ಎಂದು ಎಲ್ಲರೂ ಎಣಿಸಿದ್ದರು.

ಮೊದಲು ಎದ್ದವರು ಅವರು. ಕಚೇರಿಯಲ್ಲಿ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ ಅವರಿಗೆ ಮನಸ್ಸು ಕದಡಿದಾಗ ಗದಗಿನ ಮಾತು ಬರುತ್ತಿತ್ತು. ಅಂದು ಅದೇ ಬಂತು.

“ಚಿಪ್ ಛಲೋ ಐತ್ರಿ. ಇಷ್ಟು ಛಲೋ ನಾವು ಎಂದೂ ಮಾಡಿಲ್ಲ. ಆದ್ರ ಫೋನ್ ಕಂಪನಿಯವ್ರು ಇದೊಂದನ್ನ ನೋಡಿ ತಗೊಳ್ಳಂಗಿಲ್ಲ. ಮುಂದಿನ ವರ್ಷ ಏನು ಕೊಡ್ತೀರಿ, ಅದರ ಮುಂದಿನ ವರ್ಷ ಏನು ಕೊಡ್ತೀರಿ ಅಂತ ಕೇಳ್ತಾರ. ಅದಕ್ಕ ನನ್ನ ಕಡೆ ಉತ್ತರ ಇಲ್ಲ. ಇಲ್ಲಿಗೆ ನಿಲ್ಲಿಸೂಣ.”

ಅಧ್ಯಕ್ಷರು ನನ್ನತ್ತ ತಿರುಗಿದರು. ನಾನು ಎದ್ದು, “ನಿಲ್ಲಿಸಬಾರದು” ಎಂದೆ.

ಯಾರಿಗೂ ನಂಬಿಕೆ ಬರಲಿಲ್ಲ. ನಾನು ಹೇಳಿದ್ದಿಷ್ಟು: “ಐದು ವರ್ಷದಿಂದ ನಮ್ಮ ಮೀಟರ್ ಚಿಪ್ಪಲ್ಲಿ ಕರೆಂಟ್ ಉಳಿಸೋ ಉಪಾಯ ಎಲ್ಲಾ ಬಂದಿರೋದು ಮೇಡಂ ವಿಭಾಗದಿಂದ. ಮೀಟರ್ ಮಾಡೋರಿಗೆ ಅವಸರ ಇಲ್ಲ ಸಾರ್. ಅವಸರ ಇಲ್ಲದ ಕಡೆ ಹೊಸದು ಹುಟ್ಟೋದಿಲ್ಲ. ಅವರ ನಷ್ಟ ನಿಲ್ಲಿಸಿದ್ರೆ ನಮ್ಮ ಲಾಭಾನೂ ನಿಧಾನವಾಗಿ ನಿಲ್ಲುತ್ತೆ.”

ಭುವನೇಶ್ವರಿಯವರು ಬಹಳ ಹೊತ್ತು ನನ್ನನ್ನೇ ನೋಡಿದರು. ಅನಂತರ, “ಹಾಗಾದ್ರೆ ಆ ಉಪಾಯ ಗೊತ್ತಿರೋರನ್ನ ಉಳಿಸ್ಕೊಳ್ಳಿ. ಫೋನನ್ನ ಬಿಡಿ” ಎಂದರು. “ಇದು ನನ್ನ ವಿಭಾಗ ಅಂತ ಉಳಿಸ್ಬೇಕು ಅನ್ನಿಸ್ತಿದೆ. ಅದಕ್ಕೇ ಆ ಅನಿಸಿಕೇನ ನಾನು ನಂಬೋದಿಲ್ಲ.”

ಮಂಡಳಿ ಅವರ ಮಾತನ್ನು ಒಪ್ಪಿತು. ತಂಡದ ಮೂರನೆಯ ಒಂದು ಭಾಗ ನನ್ನ ವಿಭಾಗಕ್ಕೆ ಬಂದಿತು. ಉಳಿದವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಅರ್ಧ ವರ್ಷದ ಕಾಲಾವಕಾಶ ದೊರೆಯಿತು. ಆ ಅವಕಾಶವನ್ನು ಜಗಳವಾಡಿ ಪಡೆದವರೂ ಅವರೇ.

ತಂಡಕ್ಕೆ ಸುದ್ದಿ ತಿಳಿಸುವ ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ. ಗೋದಾಮಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ನಾನು ಬಾಗಿಲಲ್ಲಿದ್ದೆ. ಸಮರ್ಥ ಸಿಟ್ಟಿನಿಂದ ಮುಂದೆ ಬಂದ.

“ಮೇಡಂ, ನಾಲ್ಕು ಸಲ ನಷ್ಟ ಆದಾಗೆಲ್ಲ ದುಡ್ಡು ತಂದ್ಕೊಟ್ರಿ. ಈಗ ಸರಿಯಾಗಿ ಬಂದಿದೆ, ಈಗ ನಿಲ್ಲಿಸ್ತಾ ಇದೀರಲ್ಲ!”

“ಹೌದು,” ಎಂದರು ಅವರು. “ನೀವು ಸರಿಯಾಗಿ ಮಾಡಿದೀರಿ. ತಡ ಮಾಡಿದ್ದು ನಾನು. ಇದನ್ನ ಎಲ್ಲಿ ಕೇಳಿದ್ರೂ ಹೇಳ್ತೀನಿ.”

ಅವರು ಹಾಗೆಯೇ ನಡೆದುಕೊಂಡರು. ಬಿಟ್ಟುಹೋಗಲಿದ್ದ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಡಾ. ರಾಜ್‌ಕುಮಾರ್ ರಸ್ತೆಯ ದರ್ಶಿನಿಗೆ ಕರೆದೊಯ್ದು, ಕಾಫಿ ಕುಡಿಸಿ, ಯಾರಿಗೆ ಎಲ್ಲಿ ಹೊಂದುತ್ತದೆಂದು ಯೋಚಿಸಿ, ತಮಗೆ ಪರಿಚಯವಿದ್ದ ಕಂಪನಿಗಳಿಗೆ ಫೋನು ಮಾಡಿದರು. ಸಮರ್ಥ ಮಾತ್ರ ಕಾಫಿಗೆ ಬರಲಿಲ್ಲ. ಅವನಿಗಾಗಿಯೂ ಅವರು ಫೋನು ಮಾಡಿದ್ದು ನನಗೆ ಗೊತ್ತು.

ವಿಭಾಗ ಮುಚ್ಚಿದ ಮೇಲೆ ಅವರಿಗೆ ಸಲಹೆಗಾರರ ಹುದ್ದೆಯೊಂದನ್ನು ಕೊಡಲು ಮಂಡಳಿ ಸಿದ್ಧವಿತ್ತು. ಅವರು ಅದನ್ನು ಬೇಡವೆಂದು, ಉಳಿದ ತಂಡದೊಡನೆ ಸಾಮಾನ್ಯ ಎಂಜಿನಿಯರಾಗಿ ನನ್ನ ಕೈಕೆಳಗೆ ಬಂದರು. ಮೊದಲ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಒಳಗೆ ಬರಬಹುದಾ ಸಾರ್?” ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

“ಮೇಡಂ, ದಯವಿಟ್ಟು ಹಾಗೆ ಕರೀಬೇಡಿ.”

“ಇಷ್ಟು ವರ್ಷ ಕರೀಲಿಲ್ಲ. ಬಾಕಿ ತೀರಿಸ್ತಾ ಇದೀನಿ,” ಎಂದು ಕುರ್ಚಿ ಎಳೆದುಕೊಂಡು ಕೂತು, ಕೆಲಸದ ಮಾತಿಗೆ ಇಳಿದೇಬಿಟ್ಟರು.

ಅವರೂ ಚೇತನಾ ಅವರೂ ಸೇರಿ ರೂಪಿಸಿದ ನೀರಿನ ಮೀಟರಿನ ಚಿಪ್ಪು ಇಂದು ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಸಂಸ್ಥೆಗೆ ಅದರಿಂದ ಒಳ್ಳೆಯ ಹೆಸರು ಬಂದಿದೆ. ಹಾಗಾದರೆ ಅವರ ತೀರ್ಮಾನ ಸರಿಯಾಗಿತ್ತೇ? ಐದನೆಯ ಚಿಪ್ಪನ್ನು ಕೊಳ್ಳಬಹುದೆಂದು ನಾವು ನೆಚ್ಚಿಕೊಂಡಿದ್ದ ಫೋನ್ ಕಂಪನಿ ಮರುವರ್ಷವೇ ಆ ವ್ಯಾಪಾರದಿಂದ ಹಿಂದೆ ಸರಿಯಿತು. ನಾವು ನಕ್ಷೆಯನ್ನು ಕಾರ್ಖಾನೆಗೆ ಕಳಿಸಿದ್ದರೆ ಸಂಸ್ಥೆಯೇ ಉಳಿಯುತ್ತಿರಲಿಲ್ಲವೇನೋ. ಆದರೆ ನಮ್ಮನ್ನು ಬಿಟ್ಟುಹೋದ ಸಮರ್ಥ ಸೇರಿದ ಕಂಪನಿ ಈ ವರ್ಷ ನಮಗಿಂತ ಉತ್ತಮವಾದ ಮೀಟರ್ ಚಿಪ್ಪನ್ನು ಹೊರತಂದು, ನಮ್ಮ ಒಬ್ಬ ದೊಡ್ಡ ಗ್ರಾಹಕರನ್ನು ಸೆಳೆದುಕೊಂಡಿದೆ. ನಾನು ಹೆದರಿದ್ದೂ ಅದಕ್ಕೇ. ನಿಲ್ಲಿಸಬಾರದಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ; ಅಭಿನಂದನೆಯ ಬರಹವೆಂದು ಅದನ್ನು ಮುಚ್ಚಿಟ್ಟರೆ ಅವರಿಗೇ ಸಿಟ್ಟು ಬರುತ್ತದೆ.

ಕಳೆದ ವಾರ ಧೈರ್ಯ ಮಾಡಿ ಅವರನ್ನು ಕೇಳಿದೆ: “ಮೇಡಂ, ನೀವು ಸುಮ್ಮನಿದ್ದಿದ್ರೂ ಇನ್ನೊಂದು ವರ್ಷಕ್ಕೆ ಮಂಡಳಿಯವರೇ ಮುಚ್ಚಿಸ್ತಿದ್ರು. ನೀವೇ ಯಾಕೆ ಮುಚ್ಚಿ ಅಂದ್ರಿ?”

ಉತ್ತರ ಗದಗಿನ ಮಾತಿನಲ್ಲೇ ಬಂತು.

“ಬ್ಯಾರೇದವರು ಬಂದು ಮುಚ್ಚಿದ್ರ, ನಮ್ಮ ಹುಡುಗರು ತಾವು ಸೋತೇವಿ ಅಂತ ತಿಳಕೊಂಡು ಮನೀಗೆ ಹೋಗ್ತಿದ್ರು ಚನ್ನಮಲ್ಲಪ್ಪನವ್ರ. ಚಿಪ್ ಛಲೋ ಇತ್ತು ಅಂತ ಹೇಳಿ ಬಾಗಿಲಾ ಹಾಕವರು ಒಬ್ಬರು ಬೇಕಾಗಿತ್ತು.”



ಮುಂದಿನ ತಿಂಗಳಿಂದ ಭುವನೇಶ್ವರಿಯವರು ಕೆಂಗೇರಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಚಿಪ್ ವಿನ್ಯಾಸದ ಪಾಠ ಹೇಳಲಿದ್ದಾರೆ. ಅವರಿಗೆ ಭಗವಂತ ದೀರ್ಘಾಯುಷ್ಯವನ್ನೂ, ಮೆಟ್ರೋದಲ್ಲಿ ಕೂರಲು ಒಂದು ಸೀಟನ್ನೂ, ಎದುರು ವಾದಿಸುವಂಥ ಶಿಷ್ಯರನ್ನೂ ಕೊಡಲಿ. ಆ ಶಿಷ್ಯರು ಬರೆದದ್ದು ಕೆಲವೊಮ್ಮೆ ಮಾರಾಟವಾಗದೆ ಹೋಗಬಹುದು. ಅಂಥ ದಿನ, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಮುಖ ನೋಡಿ ಹೇಳಬಲ್ಲ ಗುರುವೊಬ್ಬರು ಆ ಮಕ್ಕಳಿಗೆ ಬಹುಕಾಲ ಸಿಗುವಂತಾಗಲಿ.

– ಚನ್ನಮಲ್ಲಪ್ಪ, ಕುರುಬರಹಳ್ಳಿ