ಐದನೇ ದಿನ ಬಾಗಿಲಲ್ಲಿ ಕೂಗಿದವರು

ಅರವತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿಕೊಂಡ ಐದನೇ ದಿನ ಮಧ್ಯಾಹ್ನ ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಗಿತ್ತು. ಕರೆಂಟು ಹೋದರೆ ನಮ್ಮೂರಿಗೆ ಕಿವಿಯೇ ಕಟ್ಟಿದ ಹಾಗೆ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತುಬಿಡುತ್ತವೆ. ಆ ಮೌನದಲ್ಲಿ ಹೊರಗೆ ಯಾರೋ ತಾತನ ಹೆಸರನ್ನೂ ಸೇರಿಸಿ ಅಪ್ಪನ ಹೆಸರು ಕೂಗಿದರು.

ಒಳಗಿದ್ದವರು ಅವ್ವ, ತಂಗಿ, ನಾನು. ಮೂವರೇ. ಅವ್ವ ತಂಗಿಯ ಬಾಯನ್ನು ಸೆರಗಿನಿಂದ ಮುಚ್ಚಿ, ಸುಮ್ಮನಿರು ಎಂದು ನನಗೆ ಕಣ್ಣಲ್ಲೇ ಹೇಳಿದಳು. ತಿಥಿ ಮುಗಿಯುವ ತನಕ ಹೋದವರ ಹೆಸರು ಹಿಡಿದು ಯಾರು ಕರೆದರೂ ಮನೆಯವರು ಓಗೊಡಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಓಗೊಟ್ಟರೆ ಹೋದವರಿಗೆ ದಾರಿ ಮರೆತುಹೋಗುತ್ತದಂತೆ.

ಮೂರು ಸಲ ಕೂಗು. ಆಮೇಲೆ ಬಾಗಿಲ ಮೇಲೆ ಅಂಗೈ ಸವರಿದಂಥ ಸದ್ದು, ಮೇಲಿನಿಂದ ಕೆಳಕ್ಕೆ, ನಿಧಾನವಾಗಿ.

ತಿಥಿಯವರೆಗೆ ಹಿತ್ತಲ ಬಾಗಿಲಿಂದಲೇ ಓಡಾಡಿದೆವು. ಮುಂಬಾಗಿಲು ತೆಗೆದ ದಿನ ಅದರ ಮೇಲೆ ಕಾಗದದ ಒಂದು ಚೂರು, ಒಣಗಿದ ಗಂಜಿಯ ಕಲೆ. ಉಳಿದದ್ದನ್ನು ಮೇಕೆ ತಿಂದಿತ್ತೋ ಏನೋ. ಅವ್ವ ಅರಿಶಿನದ ನೀರು ಹಾಕಿ ತೊಳೆದುಬಿಟ್ಟಳು. ಅದು ಕೋರ್ಟಿನ ಸಮನ್ಸು ಎಂದು ಯಾರಿಗೆ ಗೊತ್ತು?

ಆರೇಳು ತಿಂಗಳ ಮೇಲೆ ಬೆಂಗಳೂರಿನ ನೂಲಿನ ಸಾಹುಕಾರರ ವಸೂಲಿಯವನು ಬಂದ. ಅಪ್ಪ ಕಡ ತಂದಿದ್ದ ನೂಲಿನ ಬಾಕಿಗೆ ಕೋರ್ಟಿನಲ್ಲಿ ಡಿಕ್ರಿ ಆಗಿದೆ, ಬಡ್ಡಿ, ಖರ್ಚು ಸೇರಿಸಿ ಕಟ್ಟಿ ಎಂದ.

"ಅವ್ರು ತೀರ್ಕೊಂಡ್ರು," ಎಂದೆ.

"ಸತ್ರೇನಪ್ಪಾ, ಡಿಕ್ರಿ ಸಾಯ್ತದಾ? ಬರೋ ವಾರ ಕೋರ್ಟ್ ಅಮೀನರನ್ನ ಕರ್ಕೊಂಡ್ ಬರ್ತೀನಿ. ಎರಡು ಮಗ್ಗಾನೂ ಜಪ್ತಿ ಮಾಡಿ ಲಾರಿಗೆ ಹಾಕ್ತೀವಿ."

ಆ ಎರಡು ಮಗ್ಗ ಹೋದರೆ ನಮ್ಮ ಅನ್ನವೇ ಹೋದ ಹಾಗೆ. ನನಗಾಗ ಇಪ್ಪತ್ತು ತುಂಬಿರಲಿಲ್ಲ. ಆದರೂ ಒಂದು ಬುದ್ಧಿ ಓಡಿತು, ನಿಮಗೂ ಹೇಳುತ್ತೇನೆ: ವಸೂಲಿಯವನ ಬಾಯಿ ನೋಡಬೇಡಿ, ಕಾಗದ ನೋಡಿ. ಕಾಗದದಲ್ಲೂ ಮೊತ್ತಕ್ಕಿಂತ ಮೊದಲು ತಾರೀಖು ನೋಡಿ. ಡಿಕ್ರಿಯ ತಾರೀಖು ಅಪ್ಪ ಹೋದ ಮೇಲಿನದಾಗಿತ್ತು. ಕೋರ್ಟಿನ ಹತ್ತಿರ ಅರ್ಜಿ ಬರೆಯುವ ಮುದುಕರೊಬ್ಬರಿಗೆ ದೋಸೆ, ಕಾಫಿ ಕೊಡಿಸಿ ಕೇಳಿದೆ. ಮೊದಲೇ ಸತ್ತವರ ಮೇಲೆ ಪಡೆದ ಡಿಕ್ರಿ ನಿಲ್ಲುವುದಿಲ್ಲ ಎಂದರು. ಪುರಸಭೆಯಿಂದ ಅಪ್ಪನ ಮರಣದ ಚೀಟಿ ಬರೆಸಿಕೊಂಡು ಬಂದು ಕಾದೆ.

ಮುಂದಿನ ವಾರ ಕೋರ್ಟಿನ ಅಮೀನರು ಹೊಸಿಲ ಮೇಲೆ ಒಂದು ಕಾಲಿಟ್ಟು ಅಪ್ಪನ ಹೆಸರು ಕೂಗಿದರು. ಒಳಗೆ ಅವ್ವ ಸುತ್ತುತ್ತಿದ್ದ ನೂಲಿನ ಕಂಡಿಕೆ ಕೈಜಾರಿತು. "ಅವತ್ತು ಕೂಗಿದ್ದು ಇದೇ ದನಿ ಕಣೋ," ಎಂದಳು.

ಚೀಟಿ ಕೊಟ್ಟೆ. ಅಮೀನರು ಚೀಟಿ ಓದಿದರು, ತಮ್ಮ ಕಾಗದ ಓದಿದರು, ಮತ್ತೆ ಚೀಟಿ ಓದಿದರು.

"ಇದೆಂಥದೋ ಸುಳ್ಳು. ಈ ತಾರೀಖಾಗಿ ಐದನೇ ದಿನಕ್ಕೆ ನಾನೇ ಇಲ್ಲಿಗ್ ಬಂದಿದ್ದೀನಿ. ಅವ್ರೇ ಓಗೊಟ್ರು."

"ಯಾರು?"

"ನಿಮ್ಮಪ್ಪ. 'ಬಂದೆ ಸ್ವಾಮಿ, ನಿಂತ್ಕೊಳ್ಳಿ' ಅಂದ್ರು. ಎಷ್ಟು ಹೊತ್ತಾದ್ರೂ ಬರ್ಲಿಲ್ಲ, ಸಮನ್ಸು ಅಂಟಿಸಿ ಹೋದೆ. ಇಲ್ ಬರ್ದಿದ್ದೀನಿ ನೋಡು."

ಬರೆದಿತ್ತು. ಪ್ರತಿವಾದಿ ಒಳಗಿನಿಂದ ಉತ್ತರಿಸಿ ಹೊರಗೆ ಬಾರದ್ದರಿಂದ ಬಾಗಿಲಿಗೆ ಅಂಟಿಸಲಾಗಿದೆ.

ವಸೂಲಿಯವನು ನಕ್ಕ. "ಇವನೇ ಕೂಗಿರ್ತಾನೆ ಬಿಡಿ ಸಾರ್, ಕಳ್ಳ ನನ್ಮಗ."

"ಹುಡುಗನ ಗಂಟಲಲ್ಲ ಅದು," ಎಂದರು ಅಮೀನರು. "ಮಾತಿಗೆ ಮುಂಚೆ ಎರಡು ಸಲ ಕೆಮ್ಮಿದ್ರು. ಮಗ್ಗದ ಕೋಣೆ ಕಡೆಯಿಂದ ಬಂತು."

ಅವ್ವ ಬಾಗಿಲ ಸಂದಿಗೆ ಬಂದಳು. "ಕೆಮ್ಮಿ, ಆಮೇಲೆ ಸ್ವಾಮಿ ಅಂದ್ರಾ?"

"ಹೂಂ ತಾಯಿ."

"ಯಾರು ಬಂದ್ರೂ ಹಂಗೇ ಅನ್ನೋರು," ಎಂದಳು.

ಅಮೀನರು ಹೊಸಿಲ ಮೇಲಿನ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಚೀಟಿಯ ತಾರೀಖನ್ನು ತಮ್ಮ ಕಾಗದದ ಅಂಚಿನಲ್ಲಿ ಬರೆದು, ಕೋರ್ಟಿಗೆ ವಾಪಸು ಕಳಿಸುತ್ತೇನೆ ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ವಸೂಲಿಯವನು ಒಬ್ಬನೇ ಉಳಿದ. ಎದುರಿನವನು ತಡವರಿಸುವಾಗಲೇ ವ್ಯಾಪಾರ ಮುಗಿಸಬೇಕು, ನಾಳೆಗೆ ಬಿಡಬಾರದು. ಅಪ್ಪ ನೂಲು ತಂದದ್ದಂತೂ ನಿಜ. "ಅಸಲು ಕಂತಲ್ಲಿ ಕಟ್ತೀನಿ. ಬಡ್ಡಿ, ಕೋರ್ಟ್ ಖರ್ಚು ಇಲ್ಲ. ಮಗ್ಗದ ತಂಟೆಗೆ ಬರ್ಬಾರ್ದು. ಸಾಹುಕಾರರ ಪರವಾಗಿ ಬರ್ಕೊಡಿ," ಎಂದೆ.

ಚೌಕಾಸಿಯಿಲ್ಲದೆ ಬರೆದುಕೊಟ್ಟ. ಬರೆಯುವಾಗಲೂ ಅವನ ಕಣ್ಣು ನನ್ನ ಭುಜದಾಚೆ, ಮಗ್ಗದ ಕೋಣೆಯ ಕಡೆಗೇ ಇತ್ತು.

"ಯಾರಿದಾರೆ ಅಲ್ಲಿ?" ಎಂದ.

"ಯಾರೂ ಇಲ್ಲ," ಎಂದೆ. ತಿರುಗಿ ನೋಡಲಿಲ್ಲ. ಅಸಲಿನಲ್ಲಿ ಅರ್ಧ ಬಿಡಿ ಎಂದಿದ್ದರೂ ಬಿಡುತ್ತಿದ್ದನೇನೋ. ಆದರೆ ಅವನು ಬೇಗ ಹೊರಟರೆ ಸಾಕೆನಿಸಿತ್ತು ನನಗೂ.