ಮೂಗೂರಿನ ಹೆಸರಲ್ಲಿ ಆಡುವವಳು

ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಟ್ಯೂಬ್‌ಲೈಟ್ ಉರಿಯುತ್ತಿದೆ. ಹಾಲಿನ ಕ್ಯಾನು ಇಳಿಸುವ ಸದ್ದು ಬಿಟ್ಟರೆ ರಸ್ತೆಯಲ್ಲಿ ಬೇರೆ ಗಲಾಟೆಯಿಲ್ಲ. ಮೂಗೂರಿನ ಕಡೆಯಿಂದ ಬಂದ ಮೊದಲ ಬಸ್ಸಿನಿಂದ ಇಳಿದ ಪವಿತ್ರ, ಎದುರಿನ ಇಂಟರ್‌ನೆಟ್ ಸೆಂಟರಿನ ಷಟರ್ ಎತ್ತುತ್ತಾಳೆ. ಅರ್ಧಕ್ಕೆ ಸಿಕ್ಕಿಕೊಂಡ ಷಟರಿಗೆ ಮೊಣಕಾಲಿನಿಂದ ಒಂದು ಏಟು. ಒಳಗೆ ಹೋಗಿ ಕಸ ಗುಡಿಸಿ, ಜೆರಾಕ್ಸ್ ಮೆಷಿನ್ನಿನ ಮೇಲಿನ ಧೂಳು ಒರೆಸಿ, ಮೂಲೆಯ ಕಂಪ್ಯೂಟರ್ ಹಾಕುತ್ತಾಳೆ. ಅದು ಎದ್ದು ಕೂರಲು ಹೊತ್ತು ಬೇಕು. ಅಷ್ಟರಲ್ಲಿ ಜಡೆ ಬಿಗಿ ಮಾಡಿಕೊಳ್ಳುತ್ತಾಳೆ.

ಆಮೇಲೆ ನಡೆಯುವುದು, ಅವಳ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನ್ನ ಕಣ್ಣಿಗೆ ನಿಲುಕುವುದಿಲ್ಲ. ಪರದೆಯ ಮೇಲೆ ಜಾಲತಾಣವೊಂದರ ಚದುರಂಗದ ಮಣೆ ಮೂಡುತ್ತದೆ. ಪಕ್ಕದಲ್ಲಿ ಎರಡು ಗಡಿಯಾರ, ಒಬ್ಬೊಬ್ಬರಿಗೆ ಒಂದೊಂದೇ ನಿಮಿಷ. ಎದುರಾಳಿ ಯಾವುದೋ ದೇಶದವನು. ಪವಿತ್ರಳ ಬೆರಳು ಮೌಸಿನ ಮೇಲೆ ಟಕಟಕ ಅನ್ನುತ್ತದೆ. ಕುದುರೆ ಜಿಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕುದುರೆ ಜಿಗಿದಿರುತ್ತದೆ. ಯಾರು ಗೆಲ್ಲುತ್ತಿದ್ದಾರೆ ಅಂತ ನಾನು ಕೇಳಬೇಕೆನ್ನುವಾಗ ಆಟವೇ ಮುಗಿದಿದೆ.

"ಗೆದ್ರಾ?"

"ಗೆದ್ದೆ ಸಾ. ಎಂಗ್ ಗೆದ್ದೆ ಅಂತ ಮಾತ್ರ ಕೇಳ್ಬ್ಯಾಡಿ."

ಅಷ್ಟರಲ್ಲಿ ಮೈಸೂರಿನ ಬಸ್ಸು ಹಿಡಿಯಲು ಬಂದ ಕಾಲೇಜು ಹುಡುಗಿಯೊಬ್ಬಳು ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಪವಿತ್ರ ಆಟದ ಪುಟ ಮುಚ್ಚಿ ಜೆರಾಕ್ಸ್ ಮೆಷಿನ್ನಿನ ಕಡೆ ಓಡುತ್ತಾಳೆ.

ಇದು ಅವಳ ದಿನಚರಿ. ಅರ್ಜಿ ಟೈಪು ಮಾಡುವುದು, ಲ್ಯಾಮಿನೇಷನ್, ಪರೀಕ್ಷೆಯ ಫಲಿತಾಂಶ ತೆಗೆದುಕೊಡುವುದು, ಇ-ಮೇಲ್ ಅಂದರೇನೆಂದು ಕೇಳುವವರಿಗೆ ಅದನ್ನು ವಿವರಿಸುವುದು. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತು ಈ ಕೆಲಸಕ್ಕೆ ಸೇರಿದ ಪವಿತ್ರಳಿಗೆ ಈಗ, 2008ರಲ್ಲಿ, ಇಪ್ಪತ್ನಾಲ್ಕು ವರ್ಷ. ತಾಯಿ ಸಣ್ಣತಾಯಮ್ಮ ಗದ್ದೆ ನಾಟಿಗೆ, ಕಳೆಗೆ ಹೋಗುತ್ತಾರೆ. ತಂದೆ ಮಹದೇವಯ್ಯ ಶಾಲೆಯೊಂದರಲ್ಲಿ ಜವಾನರು. ಆ ಮನೆಯಲ್ಲಿ ಚದುರಂಗದ ಮಣೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವಳ ಮಿಂಚಿನ ವೇಗದ ಆಟಕ್ಕೆ ಆ ಜಾಲತಾಣದಲ್ಲಿ ಹೆಸರಾದ ಆಟಗಾರರೂ ತಡವರಿಸುತ್ತಾರೆ. ಕೆಲವರು ಸೋತ ಮೇಲೆ ಬೈದು ಬರೆಯುತ್ತಾರೆ: ನೀನು ಮನುಷ್ಯನಲ್ಲ, ಕಂಪ್ಯೂಟರ್ ಕೈಲಿ ಆಡಿಸುತ್ತಿದ್ದೀಯ.

"ಅದ ಓದಿ ನಂಗೂ ಗುಮಾನಿ ಬಂತು ಸಾ," ಎನ್ನುತ್ತಾಳೆ. "ನಂಗೆ ಆಟ ಗೊತ್ತೋ, ಇಲ್ಲ ಆ ಮೆಷಿನ್ನೇ ಏನಾರ ಮಾಡ್ತದೋ?"

ಅವಳ ಗುಮಾನಿಗೆ ಕಾರಣವಿದೆ. ಅವಳಿಗೆ ಆಟವನ್ನು ಯಾರೂ ಹೇಳಿಕೊಟ್ಟಿಲ್ಲ. ಎರಡು ವರ್ಷದ ಹಿಂದೆ ಗಿರಾಕಿಯೊಬ್ಬರು ಆಡುತ್ತಾ ಕೂತಿದ್ದವರು ಬಸ್ಸು ಬಂತೆಂದು ಎದ್ದು ಓಡಿದರು. ಪರದೆಯ ಮೇಲೆ ಗಡಿಯಾರ ಇಳಿಯುತ್ತಲೇ ಇತ್ತು. ಪಾಪ, ಎದುರಿನವರು ಕಾಯುತ್ತಾರಲ್ಲ ಅಂತ ಪವಿತ್ರ ಒಂದು ಕಾಯಿಯ ಮೇಲೆ ಒತ್ತಿದಳು. ಅದು ಹೋಗಬಹುದಾದ ಮನೆಗಳಲ್ಲಿ ಚುಕ್ಕಿ ಮೂಡಿತು. ಒಂದು ಚುಕ್ಕಿಯ ಮೇಲೆ ಇಟ್ಟಳು. ಅವರೂ ಇಟ್ಟರು. ಆಟ ಹಾಗೆ ಶುರುವಾಯಿತು.

"ಕಂಪ್ಯೂಟರ್ ಬುಟ್ಟ ಕಡೆ ಇಟ್ಟೆ, ಬುಡದ ಕಡೆ ಸುಮ್ನಾದೆ. ಅಷ್ಟೆ ನಾನ್ ಕಲ್ತಿದ್ದು."

ಹೀಗೆ ಕಲಿತರೆ ಆಗುವ ಗೊಂದಲ ಒಂದೆರಡಲ್ಲ. ಎದುರಿನವರ ರಾಜ ಒಮ್ಮೆಗೇ ಎರಡು ಮನೆ ಹಾರಿ ಆನೆಯ ಹಿಂದೆ ಅವಿತುಕೊಂಡಾಗ ಕಂಪ್ಯೂಟರ್ ಕೆಟ್ಟಿತೆಂದುಕೊಂಡು ಬಂದ್ ಮಾಡಿ ಮತ್ತೆ ಹಾಕಿದಳು. ಒಂದು ದಿನ ಎರಡು ಮನೆ ಮುಂದಿಟ್ಟ ಅವಳ ಕಾಲಾಳನ್ನು ಪಕ್ಕದ ಮನೆಯಲ್ಲಿದ್ದ ಎದುರಾಳಿಯ ಕಾಲಾಳು ಓರೆಯಾಗಿ ಹಾದುಹೋಗಿ ತಿಂದುಬಿಟ್ಟಿತು. ಅದೂ ನಿಯಮವೇ ಎಂದು ಗೊತ್ತಿಲ್ಲದೆ, ಮೋಸ ಅಂತ ಸಿಟ್ಟು ಬಂದು ಒಂದಷ್ಟು ದಿನ ಆಡುವುದನ್ನೇ ಬಿಟ್ಟಳು. ಎಲ್ಲಕ್ಕಿಂತ ಅವಳನ್ನು ಕಾಡಿದ್ದು ಇನ್ನೊಂದು. ಎದುರಿನವನ ಹತ್ತಿರ ರಾಜನೊಬ್ಬನೇ ಉಳಿದಿದ್ದಾನೆ, ಇವಳ ಬಳಿ ಅರ್ಧ ಸೈನ್ಯವೇ ಇದೆ. ರಾಜ ಅಲುಗಾಡದಂತೆ ಸುತ್ತ ಮುತ್ತಿಗೆ ಹಾಕುತ್ತಾಳೆ. ತಟ್ಟನೆ 'ಆಟ ಸಮ' ಅಂತ ಬರುತ್ತದೆ.

"ಎಲ್ಲ ನಂದೇ ಐತೆ, ಅವನ್ದು ಏನೂ ಇಲ್ಲ. ಸಮ ಎಂಗಾಯ್ತದೆ ಸಾ? ಯಾರ್ನ ಕೇಳನ?"

ಕೇಳಲು ಯಾರೂ ಇರಲಿಲ್ಲ. ಆ ಜಾಲತಾಣ ಹೆಸರು ಕೇಳಿದಾಗ ತನ್ನ ಹೆಸರು ಹಾಕಲು ಭಯವಾಗಿ ಊರಿನ ಹೆಸರು ಹಾಕಿದ್ದಳು. ಲೋಕದ ಕಣ್ಣಿಗೆ ಅವಳು ಬರೀ 'ಮೂಗೂರು'.

ಆ ಹೆಸರೇ ನಂಜನಗೂಡಿನ ರುದ್ರೇಶರ ನೆಮ್ಮದಿ ಕೆಡಿಸಿದ್ದು. ಅವರಿಗೆ ಅಲ್ಲಿ ಬೀಜ-ಗೊಬ್ಬರದ ಅಂಗಡಿಯಿದೆ. ಕಾಲೇಜಿನ ದಿನಗಳಲ್ಲಿ ಚದುರಂಗದಲ್ಲಿ ಬಹುಮಾನದ ಕಪ್ ಗೆದ್ದವರು, ಈಗ ಭಾನುವಾರ ಮಕ್ಕಳಿಗೆ ಕಲಿಸುತ್ತಾರೆ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಮನೆಯ ಕಂಪ್ಯೂಟರಿನಲ್ಲಿ ಒಂದೆರಡು ಆಟ ಆಡುವ ಅಭ್ಯಾಸ. ಒಂದು ದಿನ 'ಮೂಗೂರು' ಎದುರಾಯಿತು, ಸೋಲಿಸಿತು. ಮರುದಿನವೂ ಅದೇ ಆಯಿತು.

"ರಷ್ಯಾದವನ ಕೈಲಿ ಸೋತ್ರೆ ಬೇಜಾರಿಲ್ಲ ಕಣ್ರೀ," ಎಂದು ರುದ್ರೇಶ್ ನಗುತ್ತಾರೆ. "ಪಕ್ಕದ ತಾಲ್ಲೂಕಿನ ಮೂಗೂರು ಅಂದ್ರೆ? ನಿದ್ದೆ ಬರ್ಲಿಲ್ಲ."

'ಮೂಗೂರಲ್ಲಿ ಯಾರ ಮನೆ?' ಎಂದು ಆಟದ ನಡುವೆ ಬರೆದು ಕೇಳಿದರು. ಉತ್ತರವಿಲ್ಲ. ಅಂಗಡಿಗೆ ಬರುವ ಮೂಗೂರಿನ ರೈತರನ್ನೆಲ್ಲ ನಿಮ್ಮೂರಲ್ಲಿ ಚೆಸ್ ಆಡುವ ಹುಡುಗ ಯಾರಿದ್ದಾನೆ ಎಂದು ವಿಚಾರಿಸಿದರು. ಎಂಜಿನಿಯರಿಂಗ್ ಓದುವವನೊಬ್ಬನನ್ನು ತೋರಿಸಿದರು. ಅವನು ತನಗೆ ಕೇರಂ ಮಾತ್ರ ಬರುವುದೆಂದ. ಹುಡುಗಿ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ, ರುದ್ರೇಶರಿಗೂ. ಒಂದು ಬೆಳಿಗ್ಗೆ ಆಟ ಅರ್ಧದಲ್ಲಿರುವಾಗ ಆ ಕಡೆಯಿಂದ ಮೊದಲ ಸಲ ಮಾತು ಬಂತು: 'ಕಸ್ಟಮರ್ ಬಂದ್ರು, ಹೋಗ್ಬೇಕು.'

ಮೂಗೂರಿನವರು, ಬೆಳಗಿನ ಹೊತ್ತು, ಇಂಟರ್‌ನೆಟ್ ಇರುವ ಅಂಗಡಿ. ಹಾಗಾದರೆ ನರಸೀಪುರವೇ ಇರಬೇಕೆಂದು ಲೆಕ್ಕ ಹಾಕಿದ ರುದ್ರೇಶ್ ಸ್ಕೂಟರ್ ಏರಿ ಬಂದರು. ಅಲ್ಲಿದ್ದ ಸೆಂಟರುಗಳೇ ಬೆರಳೆಣಿಕೆಯಷ್ಟು. ಬಸ್ ನಿಲ್ದಾಣದ ಎದುರಿನದಕ್ಕೆ ಇಣುಕಿದಾಗ ಮೂಲೆಯಲ್ಲಿ ಚದುರಂಗದ ಮಣೆ ಕಂಡಿತು. ಹಿಂದೆ ನಿಂತು ಮೆಲ್ಲಗೆ ಕೇಳಿದರು, "ಮೂಗೂರಾ?"

"ಪೋಲೀಸ್ನೋರು ಅನ್ಕಂಡೆ ಸಾ," ಪವಿತ್ರ ಈಗ ನಗುತ್ತಾಳೆ. "ಆ ವಾರ್ದಲ್ಲೇ ಬಂದು, ಗುರುತಿನ್ ಚೀಟಿ ಇಲ್ದೆ ಯಾರ್ನೂ ಕುಂಡ್ರಿಸ್ಬ್ಯಾಡಿ ಅಂತ ಏಳಿ ಓಗಿದ್ರು. ನಾನೇ ತಪ್ಪು ಮಾಡಿ ಸಿಕ್ಕಾಕಂಡೆ ಅಂತ ಮೊದ್ಲು ಆಟದ್ ಪುಟ ಮುಚ್ದೆ."

ರುದ್ರೇಶರೂ ಅಷ್ಟೇ ಕಕ್ಕಾಬಿಕ್ಕಿಯಾಗಿದ್ದರು. ಬೇಡದಿದ್ದರೂ ಒಂದು ಜೆರಾಕ್ಸ್ ಮಾಡಿಸಿಕೊಂಡು ಹೋದರಂತೆ.

ಅವಳ ಆಟ ಹೇಗೆ ಅಂತ ರುದ್ರೇಶರನ್ನು ಕೇಳಿದರೆ ಉತ್ಸಾಹದಿಂದ ಶುರುಮಾಡಿ ನಡುವೆ ತಲೆ ಕೆರೆದುಕೊಳ್ಳುತ್ತಾರೆ. ಕುದುರೆಗಳೇ ಅವಳ ಬಲ. ಒಂದೇ ಜಿಗಿತಕ್ಕೆ ರಾಜನನ್ನೂ ರಾಣಿಯನ್ನೂ ಒಟ್ಟಿಗೆ ಹೆದರಿಸುವ ಜಾಗ ಅವಳಿಗೆ ತಾನಾಗಿ ಕಾಣುತ್ತದೆ. ಸೋಲುವ ಆಟವನ್ನು ಬಿಟ್ಟುಕೊಡುವುದಿಲ್ಲ, ಎದುರಿನವರ ಗಡಿಯಾರ ಮುಗಿಯುವ ತನಕ ಕಾಡುತ್ತಾಳೆ. ವೇಗಕ್ಕೆ ಕಾರಣ ಕರೆಂಟು. ಯಾವಾಗ ಹೋಗುತ್ತದೋ, ಯಾವಾಗ ಗಿರಾಕಿ ಬರುತ್ತಾರೋ, ಅದರೊಳಗೆ ಮುಗಿಸಬೇಕು. ಇನ್ನು ತಿದ್ದಬೇಕಾದದ್ದು? ರಾಜನನ್ನು ನಡುಬೀದಿಯಲ್ಲೇ ನಿಲ್ಲಿಸಿಕೊಂಡಿರುತ್ತಾಳೆ, ಕೋಟೆ ಕಟ್ಟುವುದಿಲ್ಲ. ಆ ಎರಡು ಮನೆಯ ಜಿಗಿತದ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಗೆದ್ದ ಆಟವನ್ನು ಮುಗಿಸಲು ಬರುವುದಿಲ್ಲ. ರಾಜನಿಗೆ ಶಹ, ಅಂದರೆ ಚೆಕ್, ಕೊಡದೆ, ಅವನು ಅಲುಗಾಡಲೂ ಆಗದ ಹಾಗೆ ಮಾಡಿ, ನಿಯಮದಂತೆ ಆಟ ಸಮ ಮಾಡಿಕೊಳ್ಳುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಯೋಚಿಸಲು ಸಮಯ ಕೊಟ್ಟರೆ ಆಟ ಕೆಡಿಸಿಕೊಳ್ಳುತ್ತಾಳೆ.

"ಯೋಚ್ನೆ ಮಾಡು ಅಂತ ಹೇಳ್ಲೋ, ಮಾಡ್ಬೇಡ ಅಂತ ಹೇಳ್ಲೋ, ನಂಗೇ ತಿಳೀತಿಲ್ಲ ಕಣ್ರೀ," ಎನ್ನುತ್ತಾರೆ ರುದ್ರೇಶ್.

ಮೈಸೂರಿನಲ್ಲಿ ಐದು ನಿಮಿಷದ ಆಟದ ಪಂದ್ಯಾವಳಿ ಇದೆ, ಬರಬೇಕೆಂದು ಅವರು ಇನ್ನೊಮ್ಮೆ ಬಂದು ಕರೆದಾಗ ಪವಿತ್ರ ಒಪ್ಪಿದ್ದು ಒಂದೇ ಕಾರಣಕ್ಕೆ. ತನಗೆ ಆಟ ಗೊತ್ತಿದೆಯೋ ಇಲ್ಲವೋ ತಿಳಿಯಬೇಕಿತ್ತು. ಮನೆಯಲ್ಲಿ ಮಾತ್ರ ಬೇರೆ ಗೊಂದಲ. ಮಗಳು ಕಂಪ್ಯೂಟರಿನಲ್ಲಿ ಕಂಡರಿಯದವರ ಜೊತೆ ಆಡುತ್ತಾಳೆ ಅಂದಾಗ ಮಹದೇವಯ್ಯನವರು ಇಸ್ಪೀಟು ಅಂದುಕೊಂಡರು.

"ಜೂಜಾದ್ರೆ ನಾಳೆಯಿಂದ ಕೆಲ್ಸುಕ್ಕೇ ಓಗ್ಬ್ಯಾಡ ಅಂದ್ಬುಟ್ಟೆ," ಎಂದು ಅವರೇ ಹೇಳುತ್ತಾರೆ. "ಅಲ್ಲ ಅಂತಾಳೆ. ಸರಿ, ನಾನೂ ಬತ್ತೀನಿ, ಕಣ್ಣಾರೆ ನೋಡ್ತೀನಿ ಅಂದೆ."

ಅಪ್ಪ-ಮಗಳು ಆ ಭಾನುವಾರ ಮೈಸೂರಿನ ಸಭಾಂಗಣ ತಲುಪಿದರು. ಉದ್ದುದ್ದ ಮೇಜು, ಅವುಗಳ ಮೇಲೆ ಸಾಲು ಮಣೆಗಳು. ಮಹದೇವಯ್ಯ ಹಿಂದಿನ ಕುರ್ಚಿಯಲ್ಲಿ ಕೂತರು. ಪವಿತ್ರ ಮಣೆಯ ಮುಂದೆ ಕೂತಳು. ಪರದೆಯ ಮೇಲೆ ಚಪ್ಪಟೆ ಚಿತ್ರಗಳಾಗಿದ್ದ ಕಾಯಿಗಳು ಇಲ್ಲಿ ಎದ್ದು ನಿಂತಿದ್ದವು. ಮುಂದಿನವು ಹಿಂದಿನವನ್ನು ಮರೆಮಾಡಿದ್ದವು.

"ಕುದುರೆ ಹಿಂದ್ಗಡೆ ಒಂಟೆ ಇತ್ತು ಸಾ. ಕಾಣ್ನೇ ಇಲ್ಲ. ಸಂತೇಲಿ ಜನದ್ ಮಧ್ಯ ಸಿಕ್ಕಾಕಂಡಂಗಾಯ್ತು."

ಕಾಯಿ ನಡೆಸಿದ ಮೇಲೆ ಗಡಿಯಾರದ ಗುಂಡಿ ಒತ್ತಬೇಕೆಂದು, ಅಲ್ಲಿಗೆ ಮೊದಲೇ ಬಂದಿದ್ದ ರುದ್ರೇಶ್ ಮತ್ತೆ ಮತ್ತೆ ಹೇಳಿದ್ದರು. ಕಂಪ್ಯೂಟರಿನಲ್ಲಿ ಅದು ತಾನೇ ಬದಲಾಗುತ್ತದೆ, ಕೈಗೆ ಅಭ್ಯಾಸವಿಲ್ಲ. ಮೊದಲ ಆಟದಲ್ಲಿ ಕಾಯಿ ಇಟ್ಟು, ಎದುರಿನವರು ಯಾಕೆ ಆಡುತ್ತಿಲ್ಲವೆಂದು ಸುಮ್ಮನೆ ಕಾಯುತ್ತಾ ಕೂತಳು. ಇವಳ ಸಮಯವೇ ಇಳಿಯುತ್ತಿತ್ತು. ಸೋತಳು. ಎರಡನೆಯದರಲ್ಲಿ ಶಹ ಬಿದ್ದಿದ್ದು ಕಾಣದೆ ಬೇರೆ ಕಾಯಿ ನಡೆಸಿದಳು. ಎದುರಿನವರು ಕೈ ಎತ್ತಿದರು. ಅಲ್ಲಿನ ನಿಯಮದಂತೆ ತಪ್ಪು ನಡೆಗೆ ಅಲ್ಲಿಗೇ ಸೋಲು.

"ಕಂಪ್ಯೂಟರ್ನಲ್ಲಿ ತಪ್ ಇಡಕ್ಕೆ ಬುಡೋದೇ ಇಲ್ಲ. ಇಲ್ಲಿ ಬುಟ್ಬುಟ್ರು," ಎನ್ನುವಾಗ ಅವಳ ದನಿಯಲ್ಲಿ ಈಗಲೂ ಅಚ್ಚರಿ.

ಹೊರಗೆ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದವಳ ಹತ್ತಿರ ಮಹದೇವಯ್ಯ ಬಂದರು. "ನಿಂಗ್ ಈ ಆಟ ಬತ್ತದಾ ಇಲ್ವಾ ಮಗಾ?"

"ಗೊತ್ತಿಲ್ಲ ಕಣಪ್ಪ. ಬರಾದಿಲ್ಲ ಅಂತ್ಲೇ ಕಾಣ್ತದೆ. ಮನ್ಗೋಗನ."

"ಬಸ್ಚಾರ್ಜ್ ಕೊಟ್ ಬಂದಿವಿ. ಕುಂತಿರು, ಮುಗ್ಸೇ ಓಗನ."

ಮೂರನೆಯ ಆಟ. ಗಡಿಬಿಡಿಯಲ್ಲಿ ಸೆರಗು ತಗುಲಿ, ಹೊರಗಿಟ್ಟಿದ್ದ ಸತ್ತ ಕಾಲಾಳೊಂದು ನೆಲಕ್ಕೆ ಬಿತ್ತು. ಎತ್ತಿಕೊಂಡು ಮೇಲೆದ್ದ ಪವಿತ್ರ ಅಲ್ಲೇ ನಿಂತಳು. ಮೇಲಿನಿಂದ ನೋಡಿದರೆ ಕಾಯಿಗಳ ತಲೆ ಮಾತ್ರ ಕಾಣುತ್ತಿತ್ತು. ಒಂದರ ಹಿಂದೆ ಒಂದು ಅವಿತಿರಲಿಲ್ಲ. ಮಣೆ ಚಪ್ಪಟೆಯಾಗಿತ್ತು. ಅದು ಅವಳ ಪರದೆಯೇ. ನಿಂತಲ್ಲಿಂದಲೇ ಕುದುರೆ ನಡೆಸಿದಳು. ಗುಂಡಿ ಒತ್ತಿದಳು. ಮತ್ತೆ ಕೂರಲಿಲ್ಲ.

ಎದುರಾಳಿ ಬ್ಯಾಂಕಿನ ಅಧಿಕಾರಿ. ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದು ದೂರಿದರು. ತೀರ್ಪುಗಾರರಿಗೂ ಇಂಥದ್ದು ಹೊಸದು. ಪುಸ್ತಕ ತಿರುವಿದರು, ಇನ್ನೊಬ್ಬರ ಕಿವಿಯಲ್ಲಿ ಮಾತಾಡಿದರು. ಕೊನೆಗೆ, "ನಿಂತು ಆಡಬಾರದು ಅಂತ ಎಲ್ಲೂ ಇಲ್ಲ. ಅವರಿಗೆ ತೊಂದರೆ ಆಗದ ಹಾಗೆ ಒಂದು ಹೆಜ್ಜೆ ಹಿಂದೆ ನಿಲ್ಲಮ್ಮ," ಅಂದರು.

ಹಿಂದಿನ ಸಾಲಿನಲ್ಲಿ ಮಹದೇವಯ್ಯ ಕುರ್ಚಿಯ ತುದಿಗೆ ಬಂದಿದ್ದರು. ಅಷ್ಟು ಜನರ ನಡುವೆ ಎಲ್ಲರೂ ಕೂತಿದ್ದಾರೆ, ಮಗಳೊಬ್ಬಳು ಮಾತ್ರ ನಿಂತಿದ್ದಾಳೆ. ಶಾಲೆಯಲ್ಲಿ ದುಡಿದವರಿಗೆ ಅದರ ಅರ್ಥ ಒಂದೇ. ರುದ್ರೇಶರ ತೋಳು ಹಿಡಿದು ಕೇಳಿದರು: "ಸಾ, ನಮ್ ಮಗೀನ ಯಾಕ್ ನಿಲ್ಸವ್ರೆ? ಏನ್ ತಪ್ ಮಾಡ್ತು?"

"ತಪ್ಪಲ್ಲ ಮಹದೇವಯ್ಯ. ಅವ್ಳು ಗೆಲ್ತಾ ಇದ್ದಾಳೆ."

"ಗೆಲ್ಲೋರ್ನ ಯಾಕ್ ಸಾ ನಿಲ್ಸಾದು?"

ಆ ಆಟ ಪವಿತ್ರ ಗೆದ್ದಳು, ಮುಂದಿನದನ್ನೂ ಗೆದ್ದಳು. ಕೊನೆಯ ಸುತ್ತಿನಲ್ಲಿ ಎದುರಿಗಿದ್ದವರು ಮೈಸೂರಿನ ಹಳೆಯ ಆಟಗಾರರು. ಅವಳ ಕುದುರೆಗಳು ಅವರ ಆನೆಯನ್ನೂ ರಾಣಿಯನ್ನೂ ಕೆಡವಿದವು. ಅವರ ಕಡೆ ರಾಜನೊಬ್ಬ ಉಳಿದ. ರುದ್ರೇಶ್ ಕಣ್ಣು ಮುಚ್ಚಿಕೊಂಡರು. ಅವಳು ಕೆಡಿಸಿಕೊಳ್ಳುವ ಜಾಗವೇ ಇದು. ಪವಿತ್ರ ರಾಣಿಯನ್ನು ಎತ್ತಿದಳು. ರಾಜನಿಗೆ ಉಸಿರಾಡಲೂ ಜಾಗ ಉಳಿಯದ ಮನೆಯ ಮೇಲೆ ಕೈ ತೇಲಿಸಿ ನಿಲ್ಲಿಸಿದಳು. ಗಡಿಯಾರ ಇಳಿಯುತ್ತಿತ್ತು. ಅವಳು ಯೋಚಿಸುತ್ತಿದ್ದಳು. ಕೈ ಪಕ್ಕಕ್ಕೆ ಸರಿಯಿತು, ರಾಣಿಯನ್ನು ಬೇರೆ ಮನೆಯಲ್ಲಿಟ್ಟಳು. ಮುಂದಿನ ನಡೆಗೆ ಶಹಮಾತು. ಹಳೆಯ ಆಟಗಾರರು ಎದ್ದು ನಿಂತು ಕೈ ಕುಲುಕಿದರು.

ಬಹುಮಾನ ಬರಲಿಲ್ಲ. ಮೊದಲೆರಡು ಸೋಲು ಅವಳನ್ನು ಪಟ್ಟಿಯ ನಡುವೆಲ್ಲೋ ಉಳಿಸಿದವು. ಬಸ್ಸಿನಲ್ಲಿ ಮಹದೇವಯ್ಯ ಟಿಕೆಟ್ ಜೇಬಿಗಿಟ್ಟುಕೊಂಡು, "ಜೂಜಲ್ಲ ಬುಡು," ಅಂದರಂತೆ.

ಈಗ ಭಾನುವಾರ ಮಧ್ಯಾಹ್ನ ಸೆಂಟರ್ ಮುಚ್ಚಿದ ಮೇಲೆ ಪವಿತ್ರ ನಂಜನಗೂಡಿಗೆ ಹೋಗುತ್ತಾಳೆ. ರುದ್ರೇಶರ ಎದುರು ಮರದ ಕಾಯಿಗಳ ಮುಂದೆ ಕೂರುತ್ತಾಳೆ, ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದೆ ಎದ್ದು ನಿಂತಿರುತ್ತಾಳೆ. ಅವರು ನೆನಪಿಸಿದರೆ ಮತ್ತೆ ಕೂರುತ್ತಾಳೆ. ಜಾಲತಾಣದಲ್ಲಿ ಈಗಲೂ ಕೆಲವರು ಅವಳನ್ನು ಕಂಪ್ಯೂಟರ್ ಎಂದು ಬೈಯುತ್ತಾರೆ.

ಈಗಲಾದರೂ ನಿಮಗೆ ಆಟ ಗೊತ್ತು ಅನ್ನಿಸುತ್ತದೆಯೇ ಎಂದು ಕೇಳುತ್ತೇನೆ. ಲ್ಯಾಮಿನೇಷನ್ ಮೆಷಿನ್ನಿನಿಂದ ಬಿಸಿಬಿಸಿ ಹೊರಬರುವ ಯಾರದೋ ಜಾತಿ ಪ್ರಮಾಣಪತ್ರದ ಅಂಚು ಕತ್ತರಿಸುತ್ತಾ ಅವಳು ಯೋಚಿಸುತ್ತಾಳೆ.

"ಅರ್ಧ ಗೊತ್ತು ಸಾ. ಇನ್ನರ್ಧ ಎಲ್ಲೈತೆ ಅಂತ ಗೊತ್ತಿಲ್ಲ." ಕತ್ತರಿ ಕೆಳಗಿಟ್ಟು ಹೇಳುತ್ತಾಳೆ, "ಒಂದ್ ಆಸೆ ಐತೆ. ಮುಂದಿನ್ ಸಲ ಮೈಸೂರ್ನಲ್ಲಿ ಕುಂತ್ಕಂಡೇ ಗೆಲ್ಬೇಕು. ನಿಂತ್ಕಂಡ್ ಗೆದ್ರೆ ನಮ್ಮಪ್ಪ ಎದ್ರುಕೋತದೆ."